ತಿರುಗೇಟಿನ ಮಂಗಳವಾರ

ನಮ್ಮೂರಿನಲ್ಲಿ ಇಬ್ಬರು ಗಂಡಸರು ಸೇರಿದರೆ ಮಳೆ ಬೆಳೆಯ ಮಾತು ಎರಡು ನಿಮಿಷ. ಮೂರನೆಯ ನಿಮಿಷಕ್ಕೆ ಯಮನಪ್ಪ ದೊಡ್ಡವನೋ ಮೌಲಾಸಾಬ ದೊಡ್ಡವನೋ ಎಂಬ ಮಾತು ಬಂದೇ ಬರುತ್ತಿತ್ತು. ಇಬ್ಬರೂ ಸತ್ತು ಇಪ್ಪತ್ತು ವರ್ಷ ದಾಟಿದೆ. ಇಬ್ಬರೂ ಬಾಕ್ಸಿಂಗಿನಲ್ಲಿ ಭಾರಿ ತೂಕದವರು, ಊರವರ ಬಾಯಲ್ಲಿ ಹೆವಿವೇಟ್. ಕಲ್ಲುಗಣಿಯ ಮೇಸ್ತ್ರಿ ಯಮನಪ್ಪ ಅಖಾಡ ಬಿಟ್ಟ ಮರುವರ್ಷ ಬ್ರೆಡ್ ಭಟ್ಟಿಯ ಮೌಲಾಸಾಬ ಅಖಾಡಕ್ಕೆ ಇಳಿದ. ಹಾಗಾಗಿ ಒಬ್ಬರ ಮುಖಕ್ಕೆ ಇನ್ನೊಬ್ಬರ ಕೈ ಎಂದೂ ತಾಗಲಿಲ್ಲ. ತಾಗಿದ್ದರೆ ನಮ್ಮೂರಿನ ಗಂಡಸರು ಇಷ್ಟು ಹೊತ್ತಿಗೆ ಏನಾದರೊಂದು ಕೆಲಸ ಕಲಿತಿರುತ್ತಿದ್ದರು.

ನಾನು ಫಕೀರವ್ವ, ಚೀಲ ಹೊಲಿಯುವವಳು. ನನ್ನ ಅವ್ವ ಹುಲಿಗೆವ್ವ ನನಗಿಂತ ಮೊದಲು ಹೊಲಿದವಳು, ಈಗಲೂ ನನಗಿಂತ ಚೆನ್ನಾಗಿ ಹೊಲಿಯುವವಳು. ಬಾಕ್ಸರುಗಳು ದಿನಾ ಬೆಳಿಗ್ಗೆ ಗುದ್ದಿ ಕೈ ಪಳಗಿಸುವ ಚೀಲಗಳಿವು. ಹಗುರ ತೂಕದವರಿಗೆ ಗೋಣಿಯ ಚೀಲ ಸಾಕು. ಹೆವಿವೇಟಿಗೆ ಮಾತ್ರ ಎಮ್ಮೆಯ ಚರ್ಮ, ಮೇಣ ಹಚ್ಚಿದ ಎರಡೆಳೆ ದಾರ, ಒಳಗೆ ಹಳೇ ಕೌದಿಯ ಚಿಂದಿ, ಹತ್ತಿಬೀಜ, ಕಟ್ಟಿಗೆಯ ಹೊಟ್ಟು. ಒಬ್ಬ ಹೆವಿವೇಟಿಗೆ ಜೀವಮಾನಕ್ಕೆ ಒಂದೇ ಚೀಲ. ಹೊಲಿದು ಮುಗಿಸಿ ಅಂಗಳದ ತೊಲೆಗೆ ತೂಗುಹಾಕಿದ ಮೇಲೆ ಹೊಲಿದವರೇ ಅದಕ್ಕೊಂದು ಏಟು ಹಾಕಬೇಕು. ಹೊಲಿಗೆ ತಡೆಯುತ್ತದೋ ಬಿಡುತ್ತದೋ ಎಂದು ನೋಡುವ ಏಟು. ಬಿಟ್ಟರೆ ಬಿಚ್ಚಿ ಮತ್ತೆ ಹೊಲಿಯಬೇಕು, ತಡೆದರೆ ಬಂಡಿಗೆ ಹಾಕಿ ಕಳಿಸಬೇಕು. ಈ ಪದ್ಧತಿ ನಮ್ಮ ಅಜ್ಜನ ಕಾಲದ್ದು. ನಮ್ಮ ಅಂಗಳದ ಆಚೆ ಯಾರಿಗೂ ಇದರ ಸುದ್ದಿ ಬೇಕಿರಲಿಲ್ಲ. ಅಂಗಡಿಯವನು ಕೊಡೆ ಬಿಚ್ಚಿ ನೋಡಿ ಕೊಟ್ಟದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ.

ಅವ್ವ ಗಿಡ್ಡ, ಆದರೆ ಸಣ್ಣಾಳಲ್ಲ. ಬಾಗಿಲಲ್ಲಿ ನಿಂತರೆ ಒಳಗಿನ ಬೆಳಕು ಅರ್ಧ ಆಗುತ್ತದೆ. ಹತ್ತೊಂಬತ್ತು ವರ್ಷದವಳಿದ್ದಾಗ ಒಂದು ದಿನ ಹತ್ತಿ ಮಾರುಕಟ್ಟೆಗೆ ಹೋಗಿ ದೊಡ್ಡ ತಕ್ಕಡಿಯ ಮುಂದೆ ನಿಂತಿದ್ದಳಂತೆ. ಹತ್ತಿ ಇಲ್ಲದ ದಿನ ಬಾಕ್ಸರುಗಳನ್ನು ತೂಗುವುದು ಅದರಲ್ಲೇ. ಅಖಾಡದ ಗಂಟೆ ಹೊಡೆಯುವ ಶಿವರುದ್ರಪ್ಪನೇ ತಕ್ಕಡಿಯನ್ನೂ ನೋಡಿಕೊಳ್ಳುತ್ತಿದ್ದ. "ನನ್ನೂ ತೂಗ್ರಿ, ನಾನೂ ಆಡ್ತೀನಿ" ಎಂದು ಅವ್ವ ಒಂದು ಕಾಲು ಹಲಗೆಯ ಮೇಲಿಟ್ಟಳು. ಶಿವರುದ್ರಪ್ಪ ಆಗ ಮೀಸೆ ಚಿಗುರಿದ ಪ್ರಾಯದವನು. "ಇಳಿಯವ್ವಾ ಕೆಳಗ. ನಿನ್ನ ಕೈಯಾಗ ಸೂಜಿ ಐತಲ್ಲ, ಅದನ್ನ ಸಂಭಾಳಿಸು" ಅಂದನಂತೆ. ಅವ್ವ ಕಾಲು ತೆಗೆದು ಮನೆಗೆ ಬಂದಳು. ಮುಂದಿನ ವರ್ಷ ಅಜ್ಜ ತೀರಿಕೊಂಡ. ಅಂದಿನಿಂದ ಈ ಊರಿನ ಪ್ರತಿ ಚರ್ಮದ ಚೀಲವನ್ನೂ ಹೊಲಿದದ್ದು ಅವ್ವ.

ಯುಗಾದಿ ಕಳೆದ ಮೊದಲ ಮಂಗಳವಾರ, ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ, ನಮ್ಮೂರಿನ ಚೀಲಗಳು ತಾವು ತಿಂದ ಏಟುಗಳನ್ನು ತಿರುಗಿ ಕೊಡುತ್ತವೆ. ಎದುರಿಗೆ ಯಾರಾದರೂ ನಿಂತರೆ ಮಾತ್ರ. ನಿಂತವರು ಬಿದ್ದರೆ ಚೀಲ ಸುಮ್ಮನಾಗುತ್ತದೆ. ಮೊದಲು ತಿಂದದ್ದನ್ನು ಮೊದಲು ಕೊಡುತ್ತದೆ, ಆಮೇಲಿನದನ್ನು ಆಮೇಲೆ. ಪ್ರತಿ ವರ್ಷವೂ, ಹೊಸಬರು ಎದುರಿಗೆ ಬಂದು ನಿಂತಾಗಲೂ, ಮೊದಲಿನಿಂದಲೇ ಶುರು. ಇದಕ್ಕೆ ಊರು ಹೊಂದಿಕೊಂಡಿದೆ. ಬೆನ್ನು ಹಿಡಿದ ಮುದುಕರು ಗೋಣಿ ಚೀಲಗಳ ಮುಂದೆ ಬೆನ್ನು ತಿರುಗಿಸಿ ಸಾಲು ನಿಲ್ಲುತ್ತಾರೆ, ವರ್ಷಕ್ಕಾಗುವಷ್ಟು ಹಗುರಾಗಿ ಮನೆಗೆ ಹೋಗುತ್ತಾರೆ. ಆ ಹೊತ್ತಿನಲ್ಲಿ ಯಾರೂ ಹೆಣ್ಣು ನೋಡುವ ಶಾಸ್ತ್ರ ಇಟ್ಟುಕೊಳ್ಳುವುದಿಲ್ಲ, ಹೊಸ ಬೀಗರು ತಿಳಿಯದೆ ಚೀಲಕ್ಕೆ ಒರಗಿ ನಿಂತಾರೆಂದು. ಶಾಲೆ ಅಂದು ಹನ್ನೊಂದೂಕಾಲಿಗೆ ತೆರೆಯುತ್ತದೆ.

ಚರ್ಮದ ಚೀಲಗಳಲ್ಲಿ ಯಮನಪ್ಪ, ಮೌಲಾಸಾಬ ಇಬ್ಬರ ಚೀಲದ ಮುಂದೆ ಮಾತ್ರ ನಿಲ್ಲುವುದು ವಾಡಿಕೆ, ಅದೂ ಆ ವರ್ಷ ಗೆದ್ದ ಹೆವಿವೇಟಿನ ಹಕ್ಕು. ಕೈಕಟ್ಟಿ, ಎದೆ ಮುಂದೆ ಮಾಡಿ ನಿಲ್ಲಬೇಕು. ಏಟು ತಪ್ಪಿಸಿಕೊಂಡರೆ ಸತ್ತವರಿಗೆ ಅವಮಾನ ಮಾಡಿದ ಹಾಗೆ. ಎಷ್ಟು ಹೆಜ್ಜೆ ಹಿಂದೆ ಹೋಗಿ ಬೀಳುತ್ತಾನೆ ಎಂಬುದನ್ನು ಸುಣ್ಣದಲ್ಲಿ ಗುರುತು ಮಾಡುತ್ತಾರೆ. ಯಮನಪ್ಪನ ಚೀಲದ ಮುಂದೆ ನಿಂತವರು ಏಳು ಹೆಜ್ಜೆ ಹಿಂದೆ ಹೋಗಿ ಬೀಳುತ್ತಿದ್ದರು. ಮೌಲಾಸಾಬನ ಚೀಲದ ಮುಂದೆ ನಿಂತವರೂ ಏಳೇ ಹೆಜ್ಜೆ. ಮೊದಲ ಏಟಿಗೇ ಬೀಳುತ್ತಿದ್ದರಿಂದ ಎರಡನೆಯ ಏಟು ಹೇಗಿರುತ್ತದೆಂದು ನಮ್ಮೂರಿನಲ್ಲಿ ಕಂಡವರೇ ಇರಲಿಲ್ಲ.

ಯಮನಪ್ಪನ ಕಡೆಯವರಿಗೆ ಗಂಟೆ ಶಿವರುದ್ರಪ್ಪನೇ ಹಿರಿಯ. ಮೌಲಾಸಾಬನ ಕಡೆಗೆ ಶಾಲೆಯಲ್ಲಿ ಡ್ರಿಲ್ ಮಾಡಿಸಿ ನಿವೃತ್ತರಾದ ದಾನಪ್ಪ ಮಾಸ್ತರ. ಇಬ್ಬರೂ ತಕ್ಕಡಿಯ ಎರಡು ಹಲಗೆಗಳ ಮೇಲೆ ಎದುರುಬದುರು ಕೂತು ವಾದ ಮಾಡುತ್ತಿದ್ದರು. ತಕ್ಕಡಿ ಕೂಡ ಇಬ್ಬರನ್ನೂ ಸಮವಾಗಿ ಹಿಡಿದಿರುತ್ತಿತ್ತು.

"ಯಮನಪ್ಪ ನಲವತ್ತೊಂದು ಪಂದ್ಯ ಆಡ್ಯಾನ. ಒಂದರಾಗೂ ಮೊಣಕಾಲು ನೆಲಕ್ಕ ಹಚ್ಚಿಲ್ಲ" ಎಂದು ಶಿವರುದ್ರಪ್ಪ.

"ಯಾರ ಜೋಡಿ ಆಡ್ಯಾನ, ಅದನ್ನೂ ಹೇಳ್ರಲ್ಲ. ಅರ್ಧಾ ಮಂದಿ ಅವನ ಗಣಿಯಾಗ ಕಲ್ಲು ಒಡಿಯೋರು. ಮೇಸ್ತ್ರಿಗೆ ಯಾರು ಹೊಡೀತಾರ? ಮೌಲಾಸಾಬ ಹೊರಗಿನ ಊರಾಗಿನ ಮಂದೀನ್ನ ಮಲಗಿಸ್ಯಾನ."

"ಮಲಗ್ಸಿರಬೇಕು. ಅವ ಪಂದ್ಯದ ಮೊದಲ ಅವರಿಗೆ ಬ್ರೆಡ್ ತಿನ್ನಸ್ತಿದ್ದ."

"ಯಮನಪ್ಪ ಎಡಚ. ಚೀಲದಿಂದ ಬರೋ ಏಟು ಬಲಗೈದು. ಇದಕ್ಕೇನಂತೀರಿ?"

"ಏನನ್ನೋದು? ನಮ್ಮವನ ಎಡಗೈ ಬಿಡ್ರಿ, ಬಲಗೈನೂ ಅಷ್ಟ ಜೋರ ಇತ್ತು. ಅದಕ್ಕ ದೊಡ್ಡಾಂವ ಅನ್ನೋದು."

ಇಂಥ ವಾದದಿಂದ ಎರಡು ನಿಶ್ಚಿತಾರ್ಥ ಮುರಿದಿದ್ದವು. ಹಿಟ್ಟಿನ ಗಿರಣಿಯಲ್ಲಿ ಯಮನಪ್ಪನ ಕಡೆಯವರದು ಒಂದು ಸಾಲು, ಮೌಲಾಸಾಬನ ಕಡೆಯವರದು ಇನ್ನೊಂದು. ಕೊನೆಗೆ ಹೋದ ವರ್ಷ ಹಳೆಯ ಅಖಾಡ ಕೆಡವಿ ಹೊಸದು ಕಟ್ಟಲು ಶುರುಮಾಡಿದಾಗ ಊರಿನ ಪಂಚರು ಒಂದು ತೀರ್ಮಾನಕ್ಕೆ ಬಂದರು. ಈ ತಿರುಗೇಟಿನ ಮಂಗಳವಾರ ವಾದ ಮುಗಿಯಬೇಕು. ಏಟಿನಲ್ಲಿ ಹೆಚ್ಚು ಕಡಿಮೆ ಕಾಣದಿದ್ದರೆ ಕೈ ಎತ್ತಿಸಿ ಎಣಿಸುವುದು. ಗೆದ್ದವನ ಚೀಲ ಒಂದನ್ನೇ ಹೊಸ ಅಖಾಡದಲ್ಲಿ ತೂಗುಹಾಕುವುದು. ಉಳಿದ ಎಂಟೂ ಚರ್ಮದ ಚೀಲಗಳನ್ನು ಅಂದೇ ಬಿಚ್ಚಿ, ಆ ಚರ್ಮವನ್ನು ಅಖಾಡದ ನಾಲ್ಕು ಕಂಬಗಳಿಗೆ ಸುತ್ತುವುದು.

ಈ ಸುದ್ದಿ ತಂದವನಿಗೆ ಅವ್ವ ನೀರು ಕೊಟ್ಟಳು, ಬೆಲ್ಲ ಕೊಟ್ಟಳು. "ಬಿಚ್ಚಾಕ ನಾನಾ ಬರ್ತೀನಂತ ಹೇಳು. ಬ್ಯಾರೇದವರ ಕೈಯಾಗ ಕೊಟ್ಟರ ಚರ್ಮ ಹರೀತಾರ" ಅಂದಳು. ಅವನು ಹೋದ ಮೇಲೆ ಊಟಕ್ಕೆ ಕೂತು ರೊಟ್ಟಿ ಮುರಿದವಳು ಹಾಗೇ ತಟ್ಟೆ ಸರಿಸಿದಳು. ನಲವತ್ತೆಂಟು ವರ್ಷದ ದುಡಿಮೆ ಒಂಬತ್ತು ಚೀಲ. ಅದರಲ್ಲಿ ಎಂಟನ್ನು ಅವಳ ಕೈಯಿಂದಲೇ ಬಿಚ್ಚಿಸುವುದು, ಅದೂ ಇಬ್ಬರು ಸತ್ತವರಲ್ಲಿ ಯಾರು ದೊಡ್ಡವರೆಂದು ಬದುಕಿದ್ದವರಿಗೆ ಗೊತ್ತಾಗದ್ದಕ್ಕೆ. ಜಗಳಕ್ಕೆ ಹೋಗುತ್ತೇನೆ ಎಂದು ಎದ್ದೆ. "ಕೂಡು. ಸೂಜಿಗೆ ದಾರ ಹಾಕಿ ಕೊಡು" ಅಂದಳು. ಈಚೆಗೆ ಅವ್ವನ ಕಣ್ಣು ಮಂಜಾಗಿದೆ, ದಾರ ಪೋಣಿಸುವುದು ನಾನೇ.

ಆ ಮಂಗಳವಾರ ಅವ್ವ ಬಿಚ್ಚುವ ಕತ್ತಿ, ಉಳಿ, ಸೂಜಿಯ ಡಬ್ಬಿ ಮಡಿಲಲ್ಲಿ ಕಟ್ಟಿಕೊಂಡು ಬೇಗ ಹೋದಳು. ನಾನು ಹಿಂದೆ ಉಳಿದೆ. ಈ ವರ್ಷದ ಹೆವಿವೇಟ್ ಪೀರಪ್ಪನಿಗೆ ಹೊಲಿದ ಹೊಸ ಚೀಲ ನಮ್ಮ ಅಂಗಳದ ತೊಲೆಯಲ್ಲಿತ್ತು. ಅದು ನಾನು ಒಬ್ಬಳೇ ಹೊಲಿದ ಮೊದಲ ಚರ್ಮದ ಚೀಲ. ಪರೀಕ್ಷೆಯ ಏಟನ್ನೂ ಭಾನುವಾರ ನಾನೇ ಹಾಕಿದ್ದೆ. ಬಿಸಿಲು ಬೀಳುತ್ತದೆಂದು ಅದನ್ನು ಸರಿಸಲು ಮುಂದೆ ನಿಂತು ಸರಪಳಿಗೆ ಕೈ ಹಾಕಿದೆ. ಹತ್ತು ಹೊಡೆದಿತ್ತೆಂದು ಕಾಣುತ್ತದೆ. ಚೀಲ ಹಿಂದಕ್ಕೆ ಸರಿದು ಬಂದು ನನ್ನ ಪಕ್ಕೆಗೆ ಗುದ್ದಿತು.

ಎರಡು ಹೆಜ್ಜೆ ಹಿಂದೆ ಹೋಗಿ ನಿಂತೆ. ಮೊದಲು ಅನಿಸಿದ್ದು ನೋವಲ್ಲ, ಸಿಟ್ಟು. ಪೀರಪ್ಪ ಇನ್ನೂ ಮುಟ್ಟಿಯೇ ಇಲ್ಲದ ಚೀಲ ಹೊಡೆಯುವುದೆಂದರೇನು. ಆಮೇಲೆ ಪಕ್ಕೆ ಮುಟ್ಟಿ ನೋಡಿಕೊಂಡೆ. ಮುಷ್ಟಿಯ ಜೊತೆಗೆ ಒಂದು ಹೆಬ್ಬೆರಳೂ ಚುಚ್ಚಿತ್ತು. ನಾನು ಮುಷ್ಟಿ ಕಟ್ಟಿದಾಗ ಹೆಬ್ಬೆರಳು ಹೊರಗೆ ನಿಲ್ಲುತ್ತದೆ. "ಹೆಬ್ಬಟ್ಟು ಒಳಗಿಡು, ಮುರಕೋತೀದಿ" ಎಂದು ಅವ್ವ ಬೈಯುತ್ತಲೇ ಇರುತ್ತಾಳೆ. ಭಾನುವಾರವೂ ಬೈದಿದ್ದಳು. ಆ ಏಟು ನನ್ನದು.

ಚೀಲ ಮೊದಲು ತಿಂದದ್ದನ್ನು ಮೊದಲು ಕೊಡುತ್ತದೆ. ಮೊದಲು ಹೊಡೆಯುವವರು ಹೊಲಿದವರು. ಅಂಗಳದಲ್ಲಿ ನಿಂತೇ ಎರಡು ಸಲ ಮನಸ್ಸಿನಲ್ಲಿ ಹೇಳಿಕೊಂಡೆ. ಆಮೇಲೆ ಚಪ್ಪಲಿ ಮೆಟ್ಟದೆ ಓಡಿದೆ.

ಅಖಾಡದ ಬಯಲಿನಲ್ಲಿ ಊರಿಗೆ ಊರೇ ಸೇರಿತ್ತು. ಒಂಬತ್ತು ಚೀಲಗಳು ಉದ್ದನೆಯ ತೊಲೆಗೆ ಸಾಲಾಗಿ ತೂಗುತ್ತಿದ್ದವು. ಪೀರಪ್ಪ ಆಗಲೇ ಎರಡು ಸಲ ಬಿದ್ದು ಎದ್ದು, ಎದೆ ಹಿಡಿದುಕೊಂಡು ಕೂತಿದ್ದ. ನೆಲದ ಮೇಲೆ ಎರಡು ಸುಣ್ಣದ ಗೆರೆ. ಎರಡೂ ಏಳನೆಯ ಹೆಜ್ಜೆಗೇ. ಪಂಚರು ಕೈ ಎತ್ತಿಸಲು ತಯಾರಾಗಿದ್ದರು. ಅವ್ವ ಬೇವಿನ ಮರದ ಕೆಳಗೆ ಹೆಂಗಸರ ಮುಂದೆ ಕೂತು, ಕತ್ತಿಯನ್ನು ಕಲ್ಲಿಗೆ ಮಸೆಯುತ್ತಿದ್ದಳು.

ನಾನು ಗೆರೆಗಳ ನಡುವೆ ಹೋಗಿ ನಿಂತೆ. "ಕೈ ಎತ್ತಬ್ಯಾಡ್ರಿ. ಇದು ಯಮನಪ್ಪಂದೂ ಅಲ್ಲ, ಮೌಲಾಸಾಬಂದೂ ಅಲ್ಲ. ಮೊದಲನೇ ಏಟು ನಮ್ಮವ್ವಂದು. ಎಲ್ಲಾ ಚೀಲದಾಗೂ ಮೊದಲ ಹೊಡದಾಕಿ ಆಕೀನ" ಎಂದು, ಅಂಗಳದಲ್ಲಿ ಆದದ್ದನ್ನು ಹೇಳಿದೆ. ಹೆಬ್ಬೆರಳಿನ ಗುರುತನ್ನೂ ಹೇಳಿದೆ.

ಬಯಲಿನಲ್ಲಿ ನಗೆ ಎದ್ದಿತು. ನಲವತ್ತು ವರ್ಷದಲ್ಲಿ ಶಿವರುದ್ರಪ್ಪ ಮತ್ತು ದಾನಪ್ಪ ಮಾಸ್ತರ ಒಟ್ಟಿಗೆ ನಕ್ಕದ್ದು ಅದೇ ಮೊದಲು.

"ಫಕೀರವ್ವ, ನಿಮ್ಮವ್ವನ ಚೀಲ ಉಳಿಸಾಕ ನೀ ಹಿಂಗ ಹೇಳಾಕತ್ತೀದಿ. ಅದು ನನಗ ತಿಳೀತೈತಿ" ಎಂದರು ಮಾಸ್ತರ. "ಆದರ ಮಾತಿಗೊಂದು ಮಿತಿ ಬೇಕಲ್ಲ. ಪೀರಪ್ಪ ಬಿದ್ದಿದ್ದು ಒಂದು ಹೆಣ್ಣುಮಗಳ ಹೊಲಿಗಿ ನೋಡೋ ಏಟಿಗೇನು?"

ಪೀರಪ್ಪ ನಗಲಿಲ್ಲ. ಅವನು ತನ್ನ ಎದೆಯನ್ನೇ ನೋಡಿಕೊಳ್ಳುತ್ತಿದ್ದ. "ಮಾಸ್ತರ, ಎರಡೂ ಏಟು ಒಂದಾ ಜಾಗಕ್ಕ ಬಿದ್ದಾವರಿ" ಅಂದ. "ಯಮನಪ್ಪ ನನಕಿಂತ ಎತ್ತರ ಅಂತೀರಿ. ಏಟು ಕೆಳಗಿನಿಂದ ಬರ್ತೈತಿ."

ಆಗ ಕತ್ತಿ ಮಸೆಯುವ ಸದ್ದು ನಿಂತಿತು. ಅವ್ವ ಮೊಣಕಾಲಿಗೆ ಕೈಕೊಟ್ಟು ಎದ್ದಳು. ನಾನು ಹತ್ತಿರ ಹೋಗಿ ಕೇಳಿದೆ: "ನಿನಗ ಗೊತ್ತಿತ್ತೇನವ್ವ?"

"ಹೂಂ."

"ಮತ್ತ ಯಾಕ ಹೇಳಲಿಲ್ಲ?"

"ಯಾರರ ಕೇಳಿದ್ರ ಹೇಳ್ತಿದ್ದೆ" ಅಂದಳು. ಕತ್ತಿಯನ್ನು ನನ್ನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಮನಪ್ಪನ ಚೀಲದ ಮುಂದೆ ಹೋಗಿ ನಿಂತಳು.

ಶಿವರುದ್ರಪ್ಪ ಗಾಬರಿಯಾದ. ಕೆಟ್ಟ ಮನುಷ್ಯನಲ್ಲ ಅವನು. "ಹುಲಿಗೆವ್ವ, ಅರವತ್ತೆಂಟು ವರ್ಷದಾಕಿ ನೀನು. ಹಟ ಬ್ಯಾಡ, ಬಾ ಈಚೆಗೆ" ಎಂದು ಮುಂದೆ ಬಂದ. ಅಷ್ಟರಲ್ಲಿ ಚೀಲ ಹಿಂದಕ್ಕೆ ಸರಿಯಿತು. ಸರಪಳಿ ಕಿರ್ರೆಂದಿತು. ನಾನು ಕಣ್ಣು ಮುಚ್ಚಲಿಲ್ಲ, ಮುಚ್ಚಬೇಕೆಂದುಕೊಂಡರೂ ಆಗಲಿಲ್ಲ.

ಅವ್ವ ಚೀಲವನ್ನು ನೋಡಲೇ ಇಲ್ಲ. ನೋಡಿದರೂ ಆ ಕಣ್ಣಿಗೆ ಕಾಣುವುದು ಅಷ್ಟರಲ್ಲೇ ಇದೆ. ಎಡ ಭುಜವನ್ನು ಹಿಂದಕ್ಕೆಳೆದು ಅರ್ಧ ತಿರುಗಿದಳು, ಓಣಿಯಲ್ಲಿ ಎಮ್ಮೆಗೆ ದಾರಿ ಬಿಡುವ ಹಾಗೆ. ಇಪ್ಪತ್ತು ವರ್ಷದಿಂದ ಗಂಡಾಳುಗಳನ್ನು ಏಳು ಹೆಜ್ಜೆ ಹಿಂದೆ ಎಸೆದ ಏಟು ಅವಳ ಕುಪ್ಪಸದ ತೋಳನ್ನು ಸವರಿಕೊಂಡು ಹೋಯಿತು.

"ತಪ್ಪಿಸ್ಕೊಂಡ್ಲು" ಎಂದು ಯಾರೋ ಅಂದರು. "ತಪ್ಪಿಸ್ಕೊಳ್ಳಂಗಿಲ್ಲ, ಸತ್ತವರಿಗೆ ಅವಮಾನ."

"ಸತ್ತವರದಲ್ಲ, ನಂದಾ ಏಟು" ಎಂದಳು ಅವ್ವ. "ನನ್ನ ಕೈಲೆ ನಾ ಯಾಕ ಬಡಿಸ್ಕೋಬೇಕು? ಸುಮ್ಮನ ನಿಂದರ್ರಿ. ಈಗ ಯಮನಪ್ಪ ಬರ್ತಾನ." ಎಂದು ನೆಟ್ಟಗೆ ನಿಂತು, ಕೈಕಟ್ಟಿ, ಎದೆ ಮುಂದೆ ಮಾಡಿದಳು.

ಚೀಲ ಎರಡನೆಯ ಸಲ ಬಂತು. ಎಡಗೈ. ಮೇಲಿನಿಂದ ಇಳಿದ ಏಟು, ಎತ್ತರದವನ ಏಟು. ಆ ಚೀಲದಿಂದ ಎಡಚನ ಗುದ್ದು ಬಂದದ್ದನ್ನು ಊರು ಅಂದೇ ಮೊದಲ ಬಾರಿ ಕಂಡಿತು. ಅದು ಅವ್ವನ ಭುಜಕ್ಕೆ ಬಿತ್ತು. ಅವ್ವ ಒಂದು ಹೆಜ್ಜೆ ಹಿಂದೆ ಹೋದಳು. ಒಂದೇ ಹೆಜ್ಜೆ. ನಿಂತು, ಭುಜ ಉಜ್ಜಿಕೊಂಡು, "ಛಲೋ ಇತ್ತು ಕೈ" ಅಂದಳು. ಶಿವರುದ್ರಪ್ಪನ ಕಣ್ಣಲ್ಲಿ ನೀರು ಬಂತು. ತನ್ನ ಯಮನಪ್ಪನ ನಿಜವಾದ ಏಟನ್ನು ಅವನು ಮತ್ತೆ ನೋಡಿದ್ದು ಎಷ್ಟು ವರ್ಷಕ್ಕೋ.

ಅವ್ವ ಚೀಲದ ಮುಂದಿನಿಂದ ಸರಿದು ಮೌಲಾಸಾಬನ ಚೀಲಕ್ಕೆ ಹೋದಳು. ಮೊದಲ ಏಟಿಗೆ ಮತ್ತೆ ಅದೇ ಭುಜ, ಅದೇ ಅರ್ಧ ತಿರುಗು. ಏಟು ಗಾಳಿಗೆ ಹೋಯಿತು. ಎರಡನೆಯದು ಬಲಗೈ, ಹಿಟ್ಟು ನಾದುವವನ ಹಾಗೆ ಒತ್ತಿ ಬಂದ ಏಟು. ಅವ್ವ ಒಂದು ಹೆಜ್ಜೆ ಹೋಗಿ, ಕಾಲು ಸರಿಮಾಡಿಕೊಳ್ಳಲು ಇನ್ನಷ್ಟು ಸರಿದಳು. "ಇದೂ ಛಲೋ."

"ಒಂದೂವರಿ" ಎಂದು ದಾನಪ್ಪ ಮಾಸ್ತರ ಸುಣ್ಣದ ಡಬ್ಬಿ ಹಿಡಿದು ಓಡಿದರು.

"ಎಲ್ಲೈತಿ ಒಂದೂವರಿ? ಅದು ಕಾಲು ಸರಿಸಿದ್ದು" ಎಂದು ಶಿವರುದ್ರಪ್ಪ ಕಣ್ಣು ಒರೆಸಿಕೊಂಡು ಓಡಿದ. ಇಬ್ಬರೂ ನೆಲಕ್ಕೆ ಬಗ್ಗಿ ಗೇಣು ಹಾಕತೊಡಗಿದರು. ಅವ್ವನ ಒಂದು ಹೆಜ್ಜೆಯ ಮುಂದೆ ಏಳು ಹೆಜ್ಜೆಯ ಎರಡು ಗೆರೆಗಳು ದೂರದಲ್ಲಿ ಬೆಳ್ಳಗೆ ಬಿದ್ದಿದ್ದವು. ಬಗ್ಗಿದ್ದ ಶಿವರುದ್ರಪ್ಪ ಆ ಗೆರೆಗಳನ್ನು ನೋಡಿದ. ಅವ್ವನ ಮುಷ್ಟಿಯನ್ನು ನೋಡಿದ. ನಿಧಾನಕ್ಕೆ ಎದ್ದು ನಿಂತ.

ಹನ್ನೊಂದಕ್ಕೆ ಚೀಲಗಳು ಸುಮ್ಮನಾದವು. ಶಿವರುದ್ರಪ್ಪ ಬಯಲಿನ ಅಂಚಿಗೇ ಇದ್ದ ಹತ್ತಿ ಮಾರುಕಟ್ಟೆಯ ತಕ್ಕಡಿಯ ಹತ್ತಿರ ಹೋಗಿ, ಹೆಗಲ ಮೇಲಿನ ವಸ್ತ್ರದಿಂದ ಹಲಗೆಯ ದೂಳು ಒರೆಸಿದ. "ಹುಲಿಗೆವ್ವ, ಹತ್ತಬೇಕು" ಅಂದ.

ಅವ್ವ ತಕ್ಕಡಿಯ ಹತ್ತಿರ ಬಂದಳು. "ಆವಾಗಿನ ತೂಕ ಈಗಿಲ್ಲ, ಶಿವರುದ್ರಪ್ಪ."

"ಇದ್ದಷ್ಟು ತೂಗ್ತೀನಿ. ತಪ್ಪು ನಂದು."

ಅವ್ವ ನಲವತ್ತೊಂಬತ್ತು ವರ್ಷದ ಹಿಂದೆ ತೆಗೆದ ಕಾಲನ್ನು ಮತ್ತೆ ಹಲಗೆಯ ಮೇಲಿಟ್ಟಳು. ಇನ್ನೊಂದನ್ನೂ ಇಟ್ಟಳು. ಶಿವರುದ್ರಪ್ಪ ಕಲ್ಲು ಏರಿಸುತ್ತ ಹೋದ. ಮುಳ್ಳು ನಡುವಿಗೆ ಬಂದು ನಿಂತಾಗ ಅಖಾಡದಲ್ಲಿ ಗಂಟೆಗೆ ಮೊದಲು ಕೂಗುವ ದನಿಯಲ್ಲೇ ಕೂಗಿದ: "ಹೊಲಿಗಿ ಹುಲಿಗೆವ್ವ. ಎಂಬತ್ತೆಂಟು ಕೇಜಿ. ಹೆವಿವೇಟ್." ಜನರಲ್ಲಿ ಯಾರೂ ನಗಲಿಲ್ಲ. ಬೇವಿನ ಮರದ ಕೆಳಗಿನ ಹೆಂಗಸರು ಮೊದಲು ಎದ್ದು ನಿಂತರು, ಆಮೇಲೆ ಗಂಡಸರು. ಪಂಚರಲ್ಲಿ ಹಿರಿಯನೊಬ್ಬ, ಯಾವ ಚೀಲವನ್ನೂ ಬಿಚ್ಚುವುದು ಬೇಡ, ಒಂಬತ್ತರಲ್ಲೂ ಮೊದಲ ಏಟು ಒಬ್ಬರದೇ ಇರುವಾಗ ಯಾವುದನ್ನು ಬಿಚ್ಚುವುದು ಎಂದ. ಯಾರು ದೊಡ್ಡವರೆಂಬ ವಾದ ನಮ್ಮೂರಿನಲ್ಲಿ ಅಲ್ಲಿಗೆ ಮುಗಿಯಿತು. ಈಗ ನಡೆಯುತ್ತಿರುವುದು ಎರಡನೆಯವರು ಯಾರೆಂಬುದು. ಅದು ಇನ್ನೂ ನಲವತ್ತು ವರ್ಷ ನಡೆಯುತ್ತದೆ, ಗಂಡಸರಿಗೂ ಏನಾದರೂ ಬೇಕಲ್ಲ.

ತಕ್ಕಡಿಯಿಂದ ಇಳಿದವಳಿಗೆ ಎರಡು ಮಾತು ಆಡು ಎಂದು ಮಾಸ್ತರ ಕೇಳಿಕೊಂಡರು. ಅವ್ವ ಯಮನಪ್ಪನ ಚೀಲದ ಹತ್ತಿರ ಹೋಗಿ ಹೆಬ್ಬೆರಳಿನಿಂದ ಚೀಲದ ಬಾಯಿಯವರೆಗೂ ಹೊಲಿಗೆಯುದ್ದಕ್ಕೂ ಸವರಿದಳು. "ಬಾಯಿ ಹಂತ್ಯಾಕ ಎರಡು ಹೊಲಿಗಿ ಸಡಲ್ಯಾವ. ಫಕೀರವ್ವ, ಸೂಜಿಗೆ ದಾರ ಹಾಕು" ಅಂದಳು. ಅಷ್ಟೇ ಅವಳ ಭಾಷಣ.

ನಾನು ದಾರ ಪೋಣಿಸಿ ಕೊಟ್ಟೆ. ಎರಡು ಹೊಲಿಗೆ ಹಾಕಿ, ಗಂಟು ಬಿಗಿದು, ದಾರವನ್ನು ಹಲ್ಲಿನಿಂದ ಕಡಿದಳು. ಹೊಲಿದ ಮೇಲೆ ಹೊಲಿದವರು ಏಟು ಹಾಕಿ ನೋಡಬೇಕು. ಅವ್ವ ಸೂಜಿ ನನ್ನ ಕೈಗೆ ಕೊಟ್ಟು, ಹೆಬ್ಬೆರಳು ಒಳಗಿಟ್ಟು ಬಲಗೈ ಮುಷ್ಟಿ ಕಟ್ಟಿದಳು. ಸರಿದು ನಿಲ್ಲಿರೆಂದು ಯಾರೂ ಹೇಳಬೇಕಾಗಲಿಲ್ಲ. ಶಿವರುದ್ರಪ್ಪ, ಮಾಸ್ತರ, ಪೀರಪ್ಪ, ಪಂಚರು, ಇಡೀ ಊರು, ಏಳು ಹೆಜ್ಜೆ ಹಿಂದೆ ಸರಿದು ನಿಂತಿತು.